ಹಂದಿ ಆದ ಮೇಲೆ

"ಹಂದಿ ಆದ್ಮೇಲೆ?" ಥಾಮ್ ಮತ್ತೆ ಕೇಳಿದಳು.

"ಹಂದಿ ಆದ್ಮೇಲೆ ಇಲಿ," ಎಂದ ಅವಳ ಗಂಡ ಖಾಂಗ್. "ವರ್ಷಕ್ಕೊಂದು ಅಂತ ಹನ್ನೆರಡು ಪ್ರಾಣಿನೂ ಮುಗಿದ್ವಲ್ಲ. ತಿರ್ಗಾ ಇಲಿ ವರ್ಷ."

"ಇಲಿಗೆ ವಾಪಸ್ ಹೋದ್ರೆ ಕೆಟ್ವಿ ಅಂತ್ಲೇ ಲೆಕ್ಕ. ಹಂದಿ ಆದ್ಮೇಲೆ ನಮ್ಮನೆ ಮೆಟ್ಲು ಇಳೀರಿ. ಮೆಟ್ಲ ಮೇಲೆ ಏನಿರತ್ತೆ?"

"ಬಾತುಕೋಳಿ."

"ಕೆಳಗಿಳಿದ್ರೆ?"

"ಏಡಿ. ಕಪ್ಪೆ." ಅವನು ತನ್ನ ಹಳದಿ ಅಂಗೈಯನ್ನು ನೋಡಿಕೊಂಡ. "ಆಮೇಲೆ ನೀರು."

"ನೀರು ಪ್ರಾಣಿ ಅಲ್ಲ. ನೀರೊಳಗಿರೋ ಮೀನು ಗೀನು ಹೇಳಿ. ಹಾವುಮೀನು, ಸೀಗಡಿ, ಕೊರವ."

ಪಟ್ಟಣದ ಆಸ್ಪತ್ರೆಯ ಜಗಲಿಯಲ್ಲಿ ಬೆಳಗಿನಿಂದ ಇದೇ ಗಿಳಿಪಾಠ. ಮೇಲಿನ ದೋಣಿಕಡವಿನ ತೆಂಗಿನಕಾಯಿ ವ್ಯಾಪಾರಿಗೂ ಇದೇ ಲಿವರ್ ಕಾಯಿಲೆ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿ ಹೇಳುತ್ತೀಯ ಎಂದು ಡಾಕ್ಟರು ಕೇಳಿದರಂತೆ. ಅವನು ಹಂದಿಯವರೆಗೆ ಹೇಳಿ ಬಾಯಿ ಬಿಟ್ಟುಕೊಂಡು ಕೂತನಂತೆ. ಮೋಟಾರ್ ಸೈಕಲ್ ಮುಟ್ಟಬೇಡ ಎಂದು ಅವತ್ತೇ ಹೇಳಿ ಕಳಿಸಿದರು. ಹದಿನೈದು ದಾಟಬೇಕು, ದಾಟಿದರೆ ಯಾರೂ ಕೇಳುವುದಿಲ್ಲ ಎಂಬುದನ್ನು ಥಾಮ್ ಅವನ ಹೆಂಡತಿಯಿಂದ ಬಿಡಿಸಿ ಬಿಡಿಸಿ ಕೇಳಿ ತಿಳಿದುಕೊಂಡಿದ್ದಳು.

ದೋಣಿಯೇ ಅವರ ಅನ್ನ. ಹೊಳೆಯ ಆಚೆ ದಡದ ಶಾಲೆಗೆ ಹುಡುಗಿಯರನ್ನು ದಾಟಿಸುವುದು, ಸಂತೆಗೆ ಹೆಂಗಸರನ್ನು ದಾಟಿಸುವುದು, ಖಾಂಗ್‌ನ ಅಪ್ಪನ ಕಾಲದಿಂದ ಬಂದ ಕೆಲಸ. ಹೋದ ತಿಂಗಳು ಅವನು ತುಂಬಿದ ದೋಣಿಯನ್ನು ಹಾಡುಹಗಲಲ್ಲಿ ನೀರುತಾಳೆಯ ಪೊದೆಗೆ ನುಗ್ಗಿಸಿದ. ಯಾರಿಗೂ ಏನೂ ಆಗಲಿಲ್ಲ. ಆದರೆ ಊರ ಕಚೇರಿಯವರು ಆಸ್ಪತ್ರೆಯ ಕಾಗದ ತಾ, ಇಲ್ಲವಾದರೆ ಕಡವು ನಿನ್ನ ತಮ್ಮ ದಾತ್‌ಗೆ ಎಂದುಬಿಟ್ಟರು. ದಾತ್‌ನ ಹೆಂಡತಿ, ದೋಣಿಯ ಮೂತಿಯ ಮೇಲೆ ಬರೆದ ಕಣ್ಣುಗಳಿಗೆ ಯಾವ ಬಣ್ಣ ಚೆನ್ನ ಎಂದು ಅಂಗಡಿಯಲ್ಲಿ ಆಗಲೇ ವಿಚಾರಿಸಿದ್ದಳಂತೆ. ಆ ಮಾತು ಕಿವಿಗೆ ಬಿದ್ದ ದಿನದಿಂದ ಥಾಮ್‌ಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಕಚೇರಿಯ ಪರವಾಗಿ ಜೊತೆಗೆ ಬಂದಿದ್ದ ದಾತ್ ಮೂರು ಲೋಟ ಕಬ್ಬಿನ ಹಾಲು ತಂದಿಟ್ಟ.

"ಅತ್ತಿಗೆ, ಬಾಯಿಪಾಠ ಮಾಡ್ಸಿ ಪಾಸ್ ಮಾಡ್ಸಕ್ಕೆ ಇದೇನು ಶಾಲೆನಾ? ಇರೋದು ಇದ್ದ ಹಾಗೆ ಹೇಳೋಣ. ಅವರಾದ್ರೂ ಏನೋ ದಾರಿ ಹೇಳ್ತಾರೆ."

"ದಾರಿ ಗೊತ್ತು ಕಣಪ್ಪ. ನಮ್ಮ ಮೆಟ್ಲಿಂದ ಸೀದಾ ನಿಮ್ಮ ಮೆಟ್ಲಿಗೆ." ಅವಳು ಕಬ್ಬಿನ ಹಾಲನ್ನು ಮುಟ್ಟಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಖಾಂಗ್‌ನ ಪಕ್ಕೆಲುಬಿನ ನಡುವೆ ತಣ್ಣನೆಯ ಲೋಳೆ ಹಚ್ಚಿ ಯಂತ್ರದ ತುದಿಯನ್ನು ಒತ್ತಿದಳು. ಅದು ಟಕ್ ಟಕ್ ಎಂದು ಕುಟ್ಟಿದಾಗಲೆಲ್ಲ ಅವನು ಕಚಗುಳಿಯಾದವನಂತೆ ನಕ್ಕ. ರಕ್ತದ ವರದಿಯನ್ನೂ ನೋಡಿ ಅವಳು ತಲೆಯಾಡಿಸಿದಳು.

"ಲಿವರ್ ಗಟ್ಟಿಯಾಗಿರೋದು ನಿಜ. ಆದ್ರೆ ಒಳಗೆ ರಕ್ತನಾಳ ಉಬ್ಬಿರೋ ಭಯ ಕಮ್ಮಿ. ಗಂಟಲಿಗೆ ಪೈಪು ಇಳಿಸಿ ನೋಡೋದು ಈಗ ಬೇಡ. ಇನ್ನೊಂದೇ ಬಾಕಿ, ಚಿಕ್ಕಪ್ಪ. ಒಂದು ನಿಮಿಷ, ನಿಮಗೆ ಗೊತ್ತಿರೋ ಪ್ರಾಣಿಗಳ ಹೆಸರು ಹೇಳಿ."

"ಇಲಿ, ಕೋಣ, ಹುಲಿ, ಬೆಕ್ಕು, ಡ್ರ್ಯಾಗನ್..."

"ಡ್ರ್ಯಾಗನ್ ಎಲ್ಲಿ ನೋಡಿದ್ರಿ?"

"ನಾನು ಹುಟ್ಟಿದ್ದೇ ಆ ವರ್ಷ. ಅದು ಸುಳ್ಳಾದ್ರೆ ನಾನೂ ಸುಳ್ಳು."

ಡಾಕ್ಟರು ನಕ್ಕಳು. ಅವನು ಹಾವು, ಕುದುರೆ, ಮೇಕೆ, ಕೋತಿ, ಹುಂಜ, ನಾಯಿ ಎಂದು ಓಡಿಸಿಕೊಂಡು ಹಂದಿಗೆ ಬಂದು ನಿಂತ. ತುಟಿ ಮಾತ್ರ ಅಲ್ಲಾಡಿತು. ಥಾಮ್ ಕೂತಲ್ಲೇ ತನ್ನ ಒಂದು ಪಾದವನ್ನು ಮೆಲ್ಲಗೆ ಮುಂದಿಟ್ಟಳು, ಮೆಟ್ಟಿಲು ಇಳಿಯುವವಳ ಹಾಗೆ. ಅವನ ಕಣ್ಣು ಅವಳ ಚಪ್ಪಲಿಯ ಮೇಲೆ ಬಿತ್ತು.

"ಬಾತುಕೋಳಿ," ಎಂದ. "ಏಡಿ, ಕಪ್ಪೆ, ಹಾವುಮೀನು, ಸೀಗಡಿ, ಕೊರವ."

"ಚೆನ್ನಾಗಿ ಹೇಳಿದ್ರಿ," ಎಂದು ಡಾಕ್ಟರು ಥಾಮ್ ಕಡೆ ತಿರುಗಿದಳು. "ನಮ್ಮ ಜನ ಎಲ್ರೂ ಇಲಿಯಿಂದ್ಲೇ ಶುರು ಮಾಡ್ತಾರೆ, ಚಿಕ್ಕಮ್ಮ. ನಾವು ನೋಡೋದು ಹಂದಿ ಆದ್ಮೇಲೆ. ಲಿವರ್ ಕೆಟ್ಟಾಗ ನಂಜು ತಲೆಗೇರತ್ತೆ, ಅಲ್ಲೇ ನಿಂತ್ಬಿಡ್ತಾರೆ. ಅಂಥೋರಿಗೆ ಒಂದು ಸಿಹಿ ಔಷಧಿ ಇದೆ. ದಿನಾ ಕುಡಿದ್ರೆ ನಂಜು ಹೊಟ್ಟೆಯಿಂದ ಹೊರಗೆ ಹೋಗತ್ತೆ, ಮಂಕು ಬಿಡತ್ತೆ. ಎಷ್ಟೋ ಜನ ಮತ್ತೆ ಕೆಲಸಕ್ಕೆ ಹೋಗಿದಾರೆ. ಚಿಕ್ಕಪ್ಪಂಗೆ ಅದೆಲ್ಲ ಬೇಡ."

ಥಾಮ್‌ಳ ಪಾದ ಇನ್ನೂ ಮುಂದೆಯೇ ಇತ್ತು. ತೆಂಗಿನಕಾಯಿ ವ್ಯಾಪಾರಿಯ ಹೆಂಡತಿ ಔಷಧಿಯ ಮಾತನ್ನೇ ಎತ್ತಿರಲಿಲ್ಲ. ಎತ್ತಿದ್ದಳೋ ಏನೋ. ತಾನು ಕೇಳಿಸಿಕೊಂಡದ್ದು ಮೋಟಾರ್ ಸೈಕಲ್ ಕಿತ್ತುಕೊಂಡದ್ದನ್ನು ಮಾತ್ರ.

"ಆ ಔಷಧಿ ಸುಮ್ನೆ ಕೊಟ್ರೆ?" ಎಂದಳು.

"ಸುಮ್ಸುಮ್ನೆ ಯಾಕೆ ಚಿಕ್ಕಮ್ಮ, ಭೇದಿ ಆಗತ್ತೆ. ಮನೇಲಿ ಏನಾದ್ರೂ ಕಂಡಿದ್ಯಾ? ಹಗಲು ನಿದ್ದೆ, ಮರೆವು, ಮಾತು ತಪ್ಪೋದು?"

ಮೊನ್ನೆ ಅವನು ಅಂಗಿಯ ತೋಳಿಗೆ ಕಾಲು ತೂರಿಸುತ್ತ ಕೂತಿದ್ದ. ತನ್ನನ್ನು ಅಮ್ಮ ಎಂದು ಕರೆದು ಗಂಜಿ ಕೇಳಿದ್ದ. ಎಲ್ಲ ನಾಲಿಗೆಯ ತುದಿಗೆ ಬಂದು ನಿಂತವು. ಆಗ ಬಾಗಿಲಲ್ಲಿ ದಾತ್‌ನ ನೆರಳು ಕಂಡಿತು. ಅವನು ಅವಳನ್ನೇ ನೋಡುತ್ತಿದ್ದ. ಹೇಳು ಎನ್ನುವ ಹಾಗಿತ್ತು ಆ ನೋಟ. ಅವಳಿಗೆ ಕಂಡದ್ದು ಹೊಸ ಬಣ್ಣ ಬಳಿದ ದೋಣಿಯ ಕಣ್ಣು.

"ಇಲ್ಲ," ಎಂದಳು ಥಾಮ್. "ನನಗಿಂತ ಚೆನ್ನಾಗಿದಾರೆ."

ಡಾಕ್ಟರು ಕಾಗದಕ್ಕೆ ಸಹಿ ಹಾಕಿದಳು. ಆರು ತಿಂಗಳು ಬಿಟ್ಟು ಬನ್ನಿ ಎಂದಳು.

ಶಾಲೆಯ ದಡದ ಕಡವಿಗೆ ಬಂದಾಗ ಶಾಲೆ ಬಿಟ್ಟಿತ್ತು. ಬಿಳಿ ಉಡುಪಿನ ಹುಡುಗಿಯರು ಸೈಕಲ್ಲುಗಳನ್ನು ಎತ್ತಿ ದೋಣಿಗೆ ಇಟ್ಟರು. ದಾತ್ ಹಗ್ಗ ಬಿಚ್ಚುತ್ತ, "ಅಣ್ಣ, ದಣಿದಿದೀಯ. ಇದೊಂದು ಸಲ ನಾನು ಹಿಡೀಲಾ?" ಎಂದ.

"ನಿನ್ ಹತ್ರ ಕಾಗದ ಇದ್ಯಾ?" ಎಂದಳು ಥಾಮ್.

ದಾತ್ ಹಗ್ಗವನ್ನು ದೋಣಿಯೊಳಕ್ಕೆ ಎಸೆದು ದಡದಲ್ಲೇ ನಿಂತ. ಖಾಂಗ್ ಎದೆಯುಬ್ಬಿಸಿ ಚುಕ್ಕಾಣಿ ಹಿಡಿದ. ಡಾಕ್ಟರು ಹೊಗಳಿದ್ದನ್ನು ಹುಡುಗಿಯರಿಗೆ ಹೇಳಿದ, ಇಲಿಯಿಂದ ಮತ್ತೆ ಶುರು ಮಾಡಿದ. ಅವರು ಬೆರಳು ಮಡಚಿ ಎಣಿಸತೊಡಗಿದರು. ದೋಣಿ ನಡುಹೊಳೆ ದಾಟಿತು. ಥಾಮ್ ಅವನ ಬೆನ್ನ ಹಿಂದೆ ಕೂತಿದ್ದಳು. ಇನ್ನು ದಿನಾ ಇಲ್ಲೇ ಕೂರಬೇಕೆಂದು ಅವಳಿಗೆ ಆಗಲೇ ಗೊತ್ತಾಗಿತ್ತು.

"ನಾಯಿ, ಹಂದಿ," ಎಂದು ಅವನು ನಿಲ್ಲಿಸಿದ. ಹುಡುಗಿಯರು ಕಾದರು. ಅವನು ಹಿಂದಕ್ಕೆ ತಿರುಗಿ ಅವಳ ಮುಖ ನೋಡಿದ.

"ಹಂದಿ ಆದ್ಮೇಲೆ?"

"ಎಡಕ್ಕೆ," ಎಂದಳು ಥಾಮ್ ಮೆಲ್ಲಗೆ. "ಎಡಕ್ಕೆ ತಿರುಗ್ಸಿ, ರೀ."

"ಬಾತುಕೋಳಿ," ಎಂದ ಖಾಂಗ್.

ಹುಡುಗಿಯರು ಚಪ್ಪಾಳೆ ತಟ್ಟಿದರು. ದೋಣಿ ನೇರ ಹೋಗುತ್ತಿತ್ತು. ಎಡಗಡೆ ಅವರ ಮನೆಯ ಮೆಟ್ಟಿಲುಗಳು, ಅವುಗಳ ಮೇಲೆ ರೆಕ್ಕೆ ಕೊಡವುತ್ತಿದ್ದ ಬಾತುಕೋಳಿಗಳು, ಒಂದೊಂದಾಗಿ ಹಿಂದೆ ಸರಿದವು.