ಕಿಡಿ ಹಾರದ ಟ್ಯಾಂಕು

ಮೂರನೇ ರಬ್ಬರ್ ಪಟ್ಟಿ ಮುಗಿಸಿ ನಾಲ್ಕನೆಯದರ ಮೇಲೆ ಬ್ರಷ್ ಆಡಿಸುವ ಹೊತ್ತಿಗೆ ಅವಳ ಬಾಯಿಗೆ ಹಾಡು ಬಂದುಬಿಟ್ಟಿತ್ತು. ಟ್ಯಾಂಕಿನ ಹೊಟ್ಟೆಯೊಳಗೆ ಯಾರು ಹಾಡಿದರೂ ಚೆನ್ನಾಗಿಯೇ ಕೇಳುತ್ತದೆ. ರಬ್ಬರಿನ ಗೋಡೆ ದನಿಯ ಒರಟೆಲ್ಲ ತಾನಿಟ್ಟುಕೊಂಡು ಇಂಪನ್ನಷ್ಟೇ ವಾಪಸು ಕೊಡುತ್ತದೆ.

ಆಮ್ಲ ತುಂಬುವ ಟ್ಯಾಂಕುಗಳ ಒಳಮೈಗೆ ಅಂಟಿಸಿದ ರಬ್ಬರ್ ಲೈನಿಂಗಿನಲ್ಲಿ ತೂತು ಹುಡುಕುವುದು ಅವಳ ಕೆಲಸ. ಕರೆಂಟು ಹರಿಯುವ ತಂತಿ ಬ್ರಷ್ಷನ್ನು ಗೋಡೆಯ ಮೇಲೆ ಸವರುತ್ತ ಹೋದರೆ, ತೂತಿದ್ದಲ್ಲಿ ರಬ್ಬರಿನ ಹಿಂದಿನ ಉಕ್ಕಿಗೆ ಚಟ್ಟನೆ ನೀಲಿ ಕಿಡಿ ಹಾರುತ್ತದೆ. ಇಪ್ಪತ್ತೆರಡು ವರ್ಷಗಳಲ್ಲಿ ಕಿಡಿಯೇ ಹಾರದ ಟ್ಯಾಂಕನ್ನು ಅವಳು ಕಂಡವಳಲ್ಲ. ಮೊನ್ನೆ ಮಂಗಳವಾರ ಮೊದಲ ಸಲ ಒಂದು ಸಿಕ್ಕಿತ್ತು. ಇವತ್ತು, ಗುರುವಾರ, ಎರಡನೆಯದು.

"ಗೋಂದಣ್ಣಾ, ನಿನ್ನ ಕೈಗೆ ಏನಾಗಿದೆ? ಒಂದೇ ಒಂದು ತೂತಿಲ್ಲವಲ್ಲೋ!"

ಲೈನಿಂಗ್ ಅಂಟಿಸುವ ಆ ಮನುಷ್ಯನ ಉಗುರಿನಿಂದ ಗೋಂದು ಬಿಟ್ಟಿದ್ದನ್ನು ಯಾರೂ ನೋಡಿರಲಿಲ್ಲ, ಅದಕ್ಕೇ ಆ ಹೆಸರು. ಟ್ಯಾಂಕಿನೊಳಗೆ ನುಸುಳುವ ಕಿಂಡಿಯಾದ ಮ್ಯಾನ್‌ಹೋಲಿನಿಂದ ಅವನ ತಲೆ ಮಾತ್ರ ಇಣುಕಿತು.

"ಕಣ್ಣು ಹಾಕಬೇಡ ತಾಯಿ, ಸುಮ್ಮನೆ ಪಾಸು ಮಾಡು."

"ಇವತ್ತು ನನಗೆ ತೂತು ಬೇಕಲ್ಲೋ, ಮಾರಾಯ!"

ಬೇಕಿತ್ತು, ನಿಜಕ್ಕೂ. ಹನ್ನೊಂದಕ್ಕೆ ಭಾವ ಬರುವವರಿದ್ದರು. ಒತ್ತಡದ ಪಾತ್ರೆ, ಟ್ಯಾಂಕುಗಳ ಮಾನದಂಡದಲ್ಲಿ ಯಾವ ಪದಕ್ಕೆ ಏನರ್ಥ ಎಂದು ಗೊತ್ತುಮಾಡುವ ಸಮಿತಿಗೆ ಅವಳ ಅಕ್ಕನ ಗಂಡನೇ ಅಧ್ಯಕ್ಷರು. 'ಸೂಜಿರಂಧ್ರ: ಲೈನಿಂಗಿನಲ್ಲಿ ಬರಿಗಣ್ಣಿಗೆ ಕಾಣುವ ಸಣ್ಣ ರಂಧ್ರ' ಎಂದು ಅವರು ಬರೆದಿದ್ದನ್ನು ಓದಿ ಅವಳು ಭಾನುವಾರ ಊಟದ ತಟ್ಟೆಯ ಮುಂದೆಯೇ ಜಗಳ ತೆಗೆದಿದ್ದಳು.

"ಟ್ಯಾಂಕನ್ನ ತಿನ್ನೋದು ಕಣ್ಣಿಗೆ ಕಾಣದ ತೂತೇ ಭಾವ. ಇದು ಹೀಗೇ ಅಚ್ಚಾದರೆ ನಾಳೆ ಎಲ್ಲರೂ ಟಾರ್ಚ್ ಬಿಟ್ಟು ನೋಡಿ ಪಾಸು ಮಾಡ್ತಾರೆ. ಆಮ್ಲ ಸೋರಿದಾಗ ಕೆಳಗೆ ನಿಂತಿರೋರ ಗತಿ ಏನು?"

"ತೋರಿಸಮ್ಮಾ, ಬದಲಾಯಿಸ್ತೀನಿ. ಶುಕ್ರವಾರ ಅಚ್ಚಿಗೆ ಹೋಗುತ್ತೆ, ಅಷ್ಟರೊಳಗೆ ತೋರಿಸು."

ತೋರಿಸಲು ಇದ್ದದ್ದು ಇವತ್ತೊಂದೇ ದಿನ. ಇವತ್ತೇ ಗೋಂದಣ್ಣನ ಕೈ ಬಂಗಾರವಾಗಬೇಕೇ! ಅವಳಿಗೆ ನಗು ತಡೆಯಲಾಗಲಿಲ್ಲ. ಕೊನೆಗೆ ದಪ್ಪ ಸೂಜಿಯಿಂದ ತಾನೇ ಒಂದು ಮೂಲೆಯಲ್ಲಿ ಉಕ್ಕು ತಾಗುವ ತನಕ ಚುಚ್ಚಿದಳು. ರಬ್ಬರು ಮತ್ತೆ ಕೂಡಿಕೊಂಡು, ಚುಚ್ಚಿದವಳಿಗೇ ಜಾಗ ಕಾಣದಂತಾಯಿತು. ಗೋಂದಣ್ಣ ಹೆತ್ತ ಮಗುವಿಗೆ ಚುಚ್ಚಿದಂತೆ ಮುಖ ಮಾಡಿದ.

ಹನ್ನೊಂದಕ್ಕೆ ಸರಿಯಾಗಿ ಭಾವ ಬಂದರು. ಮ್ಯಾನ್‌ಹೋಲಿನಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ನಿಂತುಬಿಟ್ಟರು.

"ಇದರ ಅಗಲ ಇಷ್ಟೇ ಅಂತ ಬರೆದ ಪುಣ್ಯಾತ್ಮ ಯಾರಮ್ಮಾ?"

"ನೀವೇ ಭಾವ. ಹೋದ ವರ್ಷದ ಪುಸ್ತಕದಲ್ಲಿ."

ಗೋಂದಣ್ಣ ಹಿಂದಿನಿಂದ ನೂಕಿದ, ಅವಳು ಮುಂದಿನಿಂದ ಎಳೆದಳು. ಭಾವ ಒಳಗೆ ಬಂದು ಬಿದ್ದು, ಎದ್ದು, ಕನ್ನಡಕ ಸರಿಮಾಡಿಕೊಂಡು, ಆ ಮೂಲೆಯನ್ನು ಭೂತಗನ್ನಡಿಯಲ್ಲಿ ನೋಡಿ ತಲೆಯಾಡಿಸಿದರು. "ಏನೂ ಕಾಣಲ್ಲ."

"ಈಗ ನೋಡಿ," ಎಂದು ಅವಳು ಬ್ರಷ್ ಆಡಿಸಿದಳು.

ಕಿಡಿ ಹಾರಲಿಲ್ಲ. ಮತ್ತೊಮ್ಮೆ ಆಡಿಸಿದಳು. ಇಲ್ಲ.

"ಕಣ್ಣಿಗೂ ಇಲ್ಲ, ಕಿಡಿಗೂ ಇಲ್ಲ!" ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವಳೇ ಚುಚ್ಚಿದ ತೂತದು. ಬ್ರಷ್ ಕೆಳಗಿಟ್ಟು ಮ್ಯಾನ್‌ಹೋಲಿನಿಂದ ಹೊರಗೆ ನುಸುಳಿ, ಯಂತ್ರದ ಅರ್ತ್ ತಂತಿಯ ಬೆನ್ನು ಹಿಡಿದು ಹೋದಳು. ತಂತಿಯ ತುದಿಯ ಕ್ಲಿಪ್ಪು ಟ್ಯಾಂಕಿನ ಬರಿ ಉಕ್ಕನ್ನು ಕಚ್ಚಿರಬೇಕಿತ್ತು. ಯಾವಾಗಲೂ ಹಾಕುವ, ಟ್ಯಾಂಕಿನ ಹೊರಮೈಯ ಉಕ್ಕಿನ ಪಟ್ಟಿಯನ್ನೇ ಕಚ್ಚಿತ್ತು. ಆದರೆ ಸೋಮವಾರ ಅಂಗಳದ ಎಲ್ಲ ಟ್ಯಾಂಕುಗಳ ಪಟ್ಟಿಗೂ ದಪ್ಪಗೆ ಬಣ್ಣ ಬಳಿದಿದ್ದರು. ಕ್ಲಿಪ್ಪು ಕಚ್ಚಿದ್ದು ಬರೀ ಬಣ್ಣವನ್ನು. ಕರೆಂಟಿಗೆ ಹರಿಯಲು ದಾರಿಯೇ ಇರಲಿಲ್ಲ.

ಕ್ಲಿಪ್ಪನ್ನು ಬರಿ ಬೋಲ್ಟಿಗೆ ಹಾಕಿ, ಒಳಗೆ ಬಂದು, ಬ್ರಷ್ ಆಡಿಸಿದಳು. ಚಟ್!

"ಅಯ್ಯೋ!" ಭಾವ ಹಾರಿಬಿದ್ದರು. ಮರುಗಳಿಗೆಗೆ ಮುಖ ಅರಳಿತು. "ಇನ್ನೊಂದ್ಸಲ!" ಚಟ್! "ಕೊಡಮ್ಮಾ ಇಲ್ಲಿ!"

ಕೈಗವಸು ತೊಡಿಸಿ ಕೊಟ್ಟಳು. ಅರವತ್ತು ದಾಟಿದ ಅಧ್ಯಕ್ಷರು ಸುರುಸುರು ಕಡ್ಡಿ ಸಿಕ್ಕ ಮಗುವಿನ ಹಾಗೆ ಗೋಡೆಯುದ್ದಕ್ಕೂ ಬ್ರಷ್ ಆಡಿಸಿದರು. ಬೆಳಿಗ್ಗೆ ಅವಳು ಹಾಡಿಕೊಂಡು ದಾಟಿದ ಪಟ್ಟಿಗಳಲ್ಲಿ ಚಟ್, ಚಟ್, ಚಟ್. ಹೊರಗಿನಿಂದ ಗೋಂದಣ್ಣನ ಅಳುದನಿ ಕೇಳುತ್ತಿತ್ತು: "ಏಳು... ಎಂಟು... ಸಾಕು ಸ್ವಾಮೀ, ಮರ್ಯಾದೆ ಉಳಿಸಿ!"

ಭಾವ ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತು ತಮ್ಮ ಸಾಲನ್ನು ಹೊಡೆದುಹಾಕಿ, 'ಕಂಡರೂ ಕಾಣದಿದ್ದರೂ, ಲೈನಿಂಗನ್ನು ದಾಟಿ ಉಕ್ಕನ್ನು ಮುಟ್ಟುವ ರಂಧ್ರ' ಎಂದು ಬರೆದರು.

"ಗೆದ್ದೆ ಹೋಗು. ಇನ್ನೇನಾದರೂ ಸೇರಿಸಬೇಕಾ?"

"ಪರೀಕ್ಷೆಯ ಭಾಗದಲ್ಲಿ ಒಂದು ವಾಕ್ಯ. ಮೊದಲು ಗೊತ್ತಿರುವ ತೂತೊಂದರ ಮೇಲೆ ಕಿಡಿ ಹಾರುತ್ತದೋ ನೋಡಿಕೊಂಡೇ ಕೆಲಸ ಶುರುಮಾಡಬೇಕು."

"ಅದೂ ಗೊತ್ತಿಲ್ಲದೋರು ಇರ್ತಾರಾ?"

"ಇರ್ತಾರೆ ಭಾವ. ಬರೀರಿ."

ಅವರು ಬರೆದರು. ಅವಳು ನಕ್ಕಳು, ನಗುತ್ತಲೇ ಮ್ಯಾನ್‌ಹೋಲಿನಾಚೆ ನೋಡಿದಳು. ಅಂಗಳದ ತುದಿಯಲ್ಲಿ ಮಂಗಳವಾರದ ಟ್ಯಾಂಕು ಅವಳ ಸಹಿಯಿದ್ದ ಹಸಿರು ಚೀಟಿ ಅಂಟಿಸಿಕೊಂಡು ಶನಿವಾರದ ಲಾರಿಗೆ ಕಾಯುತ್ತ ನಿಂತಿತ್ತು. ಮಂಗಳವಾರವೂ ಅವಳು ಹಾಡಿದ್ದಳು.

ನಾಳೆ ಸೈರನ್ ಕೂಗುವ ಮೊದಲೇ ಬರಬೇಕು. ಆ ಚೀಟಿಯನ್ನು ತನ್ನ ಕೈಯಿಂದಲೇ ಹರಿದು, ಬ್ರಷ್ ಹಿಡಿದು ಒಳಗೆ ಇಳಿಯಬೇಕು.

"ಏನಮ್ಮಾ ಯೋಚನೆ?" ಭಾವ ಕೇಳಿದರು.

"ನಿಮ್ಮನ್ನ ಹೊರಗೆ ಹಾಕೋದು ಹೇಗೆ ಅಂತ," ಎಂದಳು.