ಮೇಸ್ತ್ರಿಯ ಮಾತು ಬರೆದ ದಿನ

ದೂರು ಬರೆದುಕೊಳ್ಳುವ ಟೈಪಿಸ್ಟಳನ್ನು ಸೋಮವಾರ ಕೆಲಸದಿಂದ ತೆಗೆದರು. ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ಆ ದೊಡ್ಡ ಲಾಂಡ್ರಿಯಲ್ಲಿ, ಕೆಲಸಗಾರರ ದೂರುಗಳನ್ನು ತೋರಿಸುವ ಗೋಡೆಯ ಪರದೆ ಆಗಾಗ ಬಿಳಿಚಿಕೊಳ್ಳುತ್ತಿತ್ತು. ಕೆಡಿಸಿದವಳು ಇವಳೇ ಎಂದು ವಜಾ ಕಾಗದದಲ್ಲಿ ಬರೆದರು.

ಬುಧವಾರ ಆ ಪರದೆಯ ಪುಟ ಸರಿಮಾಡಲು ಬಂದ ಪ್ರೋಗ್ರಾಮರಳಿಗೆ ಆ ಟೈಪಿಸ್ಟಳ ಕುರ್ಚಿಯನ್ನೇ ಕೊಟ್ಟರು. ಕೀಬೋರ್ಡ್ ಎತ್ತಿದರೆ ಅಡಿಯಲ್ಲೊಂದು ಚೀಟಿ. ದುಂಡು ಅಕ್ಷರದಲ್ಲಿ ಎಂಟು ತಾರೀಕು, ಕೆಳಗೆ ಒಂದು ಸಾಲು: ‘ಮೇಸ್ತ್ರಿ ಆಡಿದ ಮಾತನ್ನು ಹಾಗೆಯೇ ಬರೆದ ದಿನ ಮಾತ್ರ ಪುಟ ಬಿಳಿ. ಮೂರು ಸಲ ಹೇಳಿದೆ.’

ಅವಳು ಪುಟದ ಒಡಲು ತೆರೆದು ನೋಡಿದಳು. ಪುಟದ ನಡುವೆ ತುರುಕಿದ್ದ ಕೋಡಿನೊಳಕ್ಕೆ ದೂರುಗಳನ್ನು ಯಾರೋ ಹಸಿಹಸಿಯಾಗಿ ಸುರಿದಿದ್ದರು. ಕೋಡಿನ ಲೆಕ್ಕದಲ್ಲಿ ಪ್ರತಿ ದೂರೂ ಎರಡು ಉದ್ಧರಣ ಚಿಹ್ನೆಗಳ ನಡುವಿನ ಸರಕು. ಯಾರೋ ಆಡಿದ ಮಾತನ್ನು ಹಾಗೆಯೇ ಬರೆಯುವಾಗ ದೂರಿನೊಳಗೇ ಅಂಥ ಚಿಹ್ನೆ ಬಂದರೆ ಸರಕು ಅಲ್ಲಿಗೇ ಮುಗಿಯಿತೆಂದು ತಿಳಿದು, ಮುಂದಿನ ಮಾತನ್ನು ಆಜ್ಞೆಯೆಂದು ಓದಲು ಹೋಗಿ ಅದು ಕಕ್ಕಾಬಿಕ್ಕಿಯಾಗುತ್ತಿತ್ತು. ಒಬ್ಬಳ ದೂರಿನಿಂದ ಎಲ್ಲರ ದೂರೂ ಮಾಯ. ಒಳಗೆ ಬಿಡುವಾಗಲೇ ಆ ಚಿಹ್ನೆಗೆ ಮೊದಲು, ಇದು ದೂರಿನದೇ ಎಂದು ಹೇಳುವ ಒಂದು ಓರೆಗೆರೆ ಇಟ್ಟಿದ್ದರೆ ಸಾಕಿತ್ತು. ಪುಟ ಕಟ್ಟಿದವರು ಇಟ್ಟಿರಲಿಲ್ಲ.

ಎಂಟೂ ತಾರೀಕು ತಾಳೆ ನೋಡಿದಳು. ಎಂಟೂ ಸರಿ. ಕೋಡಿನ ಗಂಧಗಾಳಿ ಇಲ್ಲದ ಹೆಂಗಸು, ಒಂದು ಪೆನ್ಸಿಲ್ ತುಂಡು ಹಿಡಿದು ರೋಗದ ಬುಡಕ್ಕೇ ಬೆರಳಿಟ್ಟಿದ್ದಳು.

ಡ್ರಾಯರಿನಲ್ಲಿ ಉಳಿದಿದ್ದ ಊಟದ ಡಬ್ಬಿ ಒಯ್ಯಲು ಟೈಪಿಸ್ಟ್ ಆಗಲೇ ಬಂದಳು.

“ಅಕ್ಕಾ,” ಪ್ರೋಗ್ರಾಮರ್ ಚೀಟಿ ತೋರಿಸಿದಳು, “ಇದನ್ನ ಹೇಗೆ ಕಂಡುಹಿಡಿದ್ರಿ?”

“ಕಂಡುಹಿಡಿಯೋದೇನು ತಾಯಿ. ಹಾಲು ಒಡೆದ್ರೆ ಅದರಲ್ಲಿ ಏನು ಬಿತ್ತು ಅಂತ ನೋಡಲ್ವಾ? ಹಾಗೇ ನೋಡಿದೆ.”

“ಮೇಸ್ತ್ರಿ ಮಾತಿನ ಸುತ್ತ ಹಾಕಿದ ಆ ಚಿಹ್ನೆ ಬಿಟ್ಟು ಬರೆದಿದ್ರೆ ಕೆಲಸ ಉಳೀತಿತ್ತು.”

“ಮೇಸ್ತ್ರಿ ಮಾತು ಯಾವುದು, ದೂರು ಕೊಟ್ಟವಳ ಮಾತು ಯಾವುದು ಅಂತ ಗೊತ್ತಾಗಬೇಕಲ್ಲಮ್ಮ. ಎಲ್ಲಾ ಕಲಸುಮೇಲೋಗರ ಮಾಡಿದ್ರೆ ಬೈದೋನು ಬಚಾವು.”

ಪ್ರೋಗ್ರಾಮರ್ ಪರದೆಯತ್ತ ತಿರುಗಿದಳು. ಚೀಟಿಯ ಕೊನೆಯ ತಾರೀಕಿನ ದೂರು ಓದಿದಳು. ಇಸ್ತ್ರಿ ಯಂತ್ರದಲ್ಲಿ ಬೆರಳು ಸುಟ್ಟುಕೊಂಡವಳಿಗೆ ಮೇಸ್ತ್ರಿ, “ಇನ್ನೊಂದು ಕೈ ಇದೆಯಲ್ಲ” ಎಂದಿದ್ದ. ಓರೆಗೆರೆ ಇಡುವ ಸಾಲನ್ನು ಕೋಡಿಗೆ ಸೇರಿಸಿದಳು. ಗಾಜಿನ ಆಚೆ, ಊಟದ ಕೋಣೆಯ ಗೋಡೆಯಲ್ಲಿ ಪುಟ ಮೂಡಿತು. ತಟ್ಟೆ ಹಿಡಿದವರು ನಿಂತು ಓದತೊಡಗಿದರು.

ಮ್ಯಾನೇಜರ್ ದಡಬಡ ಬಂದ. ಕೈಯಲ್ಲಿ ಒಂದು ಕಾಗದ.

“ಏನಮ್ಮ ಇದು, ಮೇಸ್ತ್ರಿ ಮಾತೆಲ್ಲ ಅಳಿಸಿಬಿಡು. ಟೈಪಿಂಗ್ ತಪ್ಪು ಅಂತ ಇದರಲ್ಲಿ ಬರೆದಿದೆ, ಸಹಿ ಹಾಕು. ಹಾವೂ ಸಾಯಲಿ, ಕೋಲೂ ಮುರೀದೆ ಇರಲಿ.”

“ಈ ಅಕ್ಕನ ಕೆಲಸ?”

“ಅವಳದು ಮುಗಿದ ಕಥೆ.”

ಪ್ರೋಗ್ರಾಮರ್ ಎದ್ದು, ಕುರ್ಚಿಯನ್ನು ಟೈಪಿಸ್ಟಳ ಕಡೆಗೆ ಎಳೆದಿಟ್ಟಳು. ಚೀಟಿಯನ್ನು ಅವನ ಕಾಗದದ ಮೇಲಿಟ್ಟಳು.

“ತಪ್ಪು ಕೋಡಿಂದು ಸಾರ್. ಹಿಡಿದುಕೊಟ್ಟವರು ಇವರು. ಒಂದು ಮಾತೂ ಅಳಿಸಲ್ಲ, ಇದಕ್ಕೆ ಸಹಿನೂ ಹಾಕಲ್ಲ.”