ಕುಂಬಳದ ಹೂವಿನ ಮದುವೆ

ಗೌರಿ ಮಹಿಳಾ ಮಂಡಳಿಯ ಹೆಂಗಸರಿಗೆ ತೋಟದ ಕೆಲಸ ಕಲಿಸುವುದೆಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂಬುದು ಸುಂದರಮ್ಮನಿಗೆ ಮೊದಲನೆಯ ಸೋಮವಾರವೇ ಗೊತ್ತಾಗಿಹೋಯಿತು. ಐವತ್ತೊಂಬತ್ತನೇ ಇಸವಿ. ಊರೂರಿಗೂ ಕೈತೋಟ ಆಗಬೇಕು, ಅದಕ್ಕೆ ಸ್ವಯಂಸೇವಕಿಯರು ತಯಾರಾಗಬೇಕು ಎಂದು ಸರ್ಕಾರ ಹೊರಟಿದ್ದ ಕಾಲ. ಗುಬ್ಬಿಯ ಸಿಹಿನೀರು ಬಾವಿಯ ಪಕ್ಕದ ಖಾಲಿ ಜಾಗದಲ್ಲಿ ವಾರಕ್ಕೊಂದು ಬೆಳಗ್ಗೆ ಪಾಠ. ಹೇಳಿಕೊಡಲು ತುಮಕೂರಿನಿಂದ ಮೊದಲನೆಯ ರೈಲಿಗೆ ಯೋಗನರಸಿಂಹ ಎಂಬ ಎಳೆಮುಖದ ಮೇಷ್ಟ್ರು ಬರುತ್ತಿದ್ದ. ಕಲಿಯಬೇಕಾದವರು ಮಾತ್ರ ಜರಿಸೀರೆ ಉಟ್ಟು, ಆರತಿಗೆ ಕರೆದವರ ಹಾಗೆ ಬಂದು ನಿಲ್ಲುತ್ತಿದ್ದರು.

ಮಂಡಳಿಯ ಅಧ್ಯಕ್ಷಿಣಿ ವಕೀಲರ ಹೆಂಡತಿ ಕಮಲಾಕ್ಷಮ್ಮ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ಭಾಷಣ ಶುರುಮಾಡಿದ ಆಕೆ ಗುದ್ದಲಿ ಮುಟ್ಟಿದ್ದು ಫೋಟೋ ತೆಗೆಯುವಾಗ ಮಾತ್ರ. ಕೆಸರು ಬೇರೆಯವರಿಗೆ, ಮೊಸರು ತನಗೆ ಎಂಬುದು ಆಕೆಯ ನ್ಯಾಯ. ಉಳಿದವರು ಆಕೆ ಹೂಂ ಎಂದರೆ ಹೂಂ, ಊಹೂಂ ಎಂದರೆ ಊಹೂಂ. ಸುಂದರಮ್ಮನ ಅತ್ತಿಗೆ ಸರಸ್ವತಮ್ಮನೂ ಆ ಮಂದೆಯಲ್ಲಿ ಒಬ್ಬಳು.

ಇವರ ಮೇಲೆ ಇಷ್ಟೊಂದು ತಾತ್ಸಾರವಿದ್ದರೂ ಸುಂದರಮ್ಮ ಒಂದು ಪಾಠವನ್ನೂ ತಪ್ಪಿಸಲಿಲ್ಲ. ಗಂಡ ಸತ್ತ ಮೇಲೆ ಅಣ್ಣನ ಮನೆ ಸೇರಿ, ಒಲೆ, ಹಿತ್ತಿಲು, ಬಾವಿ ಬಿಟ್ಟು ಬೇರೆ ಕಾಣದವಳಿಗೆ ಸೋಮವಾರದ ಆ ಒಂದೆರಡು ಗಂಟೆಯೇ ಉಸಿರಾಡುವ ಹೊತ್ತು. ತೋಟದಲ್ಲಿ ಕಾಯಿ ಬಿಟ್ಟರೆ ತರಗತಿ ಇನ್ನೊಂದು ವರ್ಷ ನಡೆಯುತ್ತದೆ, ಇಲ್ಲದಿದ್ದರೆ ಮುಚ್ಚುತ್ತೇವೆ ಎಂದು ತುಮಕೂರಿನ ಅಧಿಕಾರಿ ಹೇಳಿದ್ದ. ಮುಚ್ಚಿದರೆ ಮತ್ತೆ ಅದೇ ಹೊಗೆ, ಅತ್ತಿಗೆಯ ಅದೇ ಗೊಣಗಾಟ.

ಸೀಕುಂಬಳದ ಬಳ್ಳಿ ಹಬ್ಬಿತು, ಹೂವೂ ಬಿಟ್ಟಿತು. ಆದರೆ ಹೀಚುಗಳೆಲ್ಲ ಹಳದಿಗಟ್ಟಿ ಉದುರಿದವು. ಯಾರೋ ಹೀಚಿಗೆ ಬೆರಳು ತೋರಿಸಿದ್ದಾರೆ, ಅದಕ್ಕೇ ಕೊಳೆಯುತ್ತಿದೆ ಎಂದು ಹೆಂಗಸರು ತೀರ್ಮಾನಿಸಿದರು. ಅಂದಿನಿಂದ ಬಳ್ಳಿಯ ಮುಂದೆ ಎಲ್ಲರದೂ ಬೆರಳು ಮಡಿಸಿಕೊಂಡೇ ಮಾತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

“ಜೇನು ಕಮ್ಮಿ ಇದೆ ಅಮ್ಮಾ, ಅದಕ್ಕೇ ಕಾಯಿ ನಿಲ್ತಿಲ್ಲ,” ಎಂದ ಯೋಗನರಸಿಂಹ. “ಗಂಡು ಹೂವು ಕಿತ್ತು, ಅದರ ಪುಡೀನ ಹೆಣ್ಣು ಹೂವಿಗೆ ನಾವೇ ಮುಟ್ಟಿಸ್ಬೇಕು. ಒಂಥರಾ ಮದುವೆ ಅಂತ್ಲೇ ಅನ್ಕೊಳ್ಳಿ. ಹೂವು ಅರಳಿರೋವಾಗ್ಲೇ, ಏಳು ಗಂಟೆಯೊಳಗೆ ಆಗ್ಬೇಕು. ಗುರುತಿಗೆ ತೊಟ್ಟಿಗೊಂದು ದಾರ ಕಟ್ಟಿ.”

ಪಾಪದವನು, ಮದುವೆ ಎಂಬ ಮಾತು ಆಡಬಾರದಿತ್ತು. ಮುಂದಿನ ಸೋಮವಾರ ಅರಿಶಿನ ಕುಂಕುಮದ ತಟ್ಟೆ ಬಂತು, ಅರಿಶಿನದಲ್ಲಿ ಅದ್ದಿದ ದಾರ ಬಂತು. ಸೋಬಾನೆ ಹಾಡಲು ಗಂಟಲುಗಳೂ ಬಂದವು.

“ಏಳೂವರೆಗೆ ರಾಹುಕಾಲ ಬಂದ್ಬಿಡುತ್ತೆ ಕಣ್ರೀ, ನಡುವೆ ಸಿಕ್ಕಿಹಾಕ್ಕೋಬಾರ್ದು. ಒಂಬತ್ತಾಗ್ಲಿ,” ಎಂದಳು ಕಮಲಾಕ್ಷಮ್ಮ.

“ಅಷ್ಟೊತ್ತಿಗೆ ಹೂವು ಮುಚ್ಕೊಂಡ್ಬಿಡುತ್ತಮ್ಮಾ...”

“ಮುಹೂರ್ತಕ್ಕಿಂತ ಹೂವು ದೊಡ್ಡದೇನಪ್ಪಾ?”

ವಕೀಲರಿಗೆ ಮೇಲಿನವರೆಲ್ಲ ಪರಿಚಯ. ಯೋಗನರಸಿಂಹ ಗಡಿಯಾರ ನೋಡಿಕೊಂಡು ಬದಿಗೆ ಸರಿದ.

ಒಂಬತ್ತಕ್ಕೆ ಸುಂದರಮ್ಮ ಗಂಡು ಹೂವೊಂದಕ್ಕೆ ಕೈಹಾಕಿದಳು. ಕಮಲಾಕ್ಷಮ್ಮ ತಡೆದಳು. “ನೀವು ಬೇಡಿ ಸುಂದರಮ್ಮ. ಶುಭಕಾರ್ಯ ನೋಡಿ. ನೀವು ನೀರು ಹಾಕ್ತಿರಿ.” ಆಮೇಲೆ ದರ್ಜಿ ಅಬ್ದುಲ್ ರಶೀದನ ಹೆಂಡತಿಯ ಕಡೆಗೆ ತಿರುಗಿ, “ನೀವು ಬನ್ನಿ ಖುರ್ಷಿದಾ ಬೇಗಂ. ನಿಮ್ಮ ಯಜಮಾನ್ರು ಇದಾರಲ್ಲ, ಸಾಕು,” ಎಂದಳು. ದೇವರು ಬೇರೆಯಾದರೂ ನಡೆಯುತ್ತದೆ, ಗಂಡ ಮಾತ್ರ ಬದುಕಿರಬೇಕು! ಸುಂದರಮ್ಮನಿಗೆ ಮೈಯೆಲ್ಲ ಉರಿಯಿತು. ಕೊಡ ಎತ್ತಿಕೊಂಡು ದೂರ ನಿಂತಳು.

ಹೂವುಗಳು ಆಗಲೇ ಮುದುಡಿದ್ದವು. ಅವನ್ನು ಮುಚ್ಚಿದ ಕೊಡೆ ಬಿಚ್ಚುವ ಹಾಗೆ ಬಲವಂತವಾಗಿ ಬಿಚ್ಚಿ, ಸವರಿ, ದಾರ ಕಟ್ಟಿ, ಹಾಡಿ, ಸಕ್ಕರೆ ಹಂಚಿ ಮನೆಗೆ ಹೋದರು.

ನಾಲ್ಕೈದು ದಿನದಲ್ಲಿ ಅರಿಶಿನದ ದಾರ ಕಟ್ಟಿದ ಹೀಚುಗಳೆಲ್ಲ ಮುರುಟಿದವು. ಬೆಳಗಿನ ನೀರಿಗೆ ಬಂದ ಸುಂದರಮ್ಮ ಅದನ್ನು ಕಂಡು ಗಟ್ಟಿಯಾಗಿ ನಕ್ಕಳು. ನಗು ಮುಗಿಯುವ ಮುಂಚೆಯೇ ತರಗತಿ ಮುಚ್ಚುವುದು ನೆನಪಾಯಿತು. ಸುತ್ತ ನೋಡಿದಳು, ಯಾರೂ ಇಲ್ಲ. ಆಗಷ್ಟೇ ಅರಳಿದ್ದ ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸಿದಳು. ಗುರುತಿಗೆ ದಾರವಿರಲಿಲ್ಲ. ತನ್ನ ಕಂದುಬಣ್ಣದ ಸೀರೆಯ ಅಂಚನ್ನು ಹರಿದು ಕಟ್ಟಿದಳು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಈ ದಡ್ಡಿಯರ ಮಾನ ಉಳಿಸಲು ತಾನು ಕಳ್ಳಿಯ ಹಾಗೆ ಬರಬೇಕಾಯಿತಲ್ಲ ಎಂದು ತನ್ನ ಮೇಲೂ ಹೇಸಿಗೆಯಾಯಿತು.

ಸೋಮವಾರ ಯೋಗನರಸಿಂಹ ಆ ಕಂದು ಚಿಂದಿಗಳನ್ನು ನೋಡಿದ, ಅವಳ ಸೀರೆಯ ಅಂಚನ್ನೂ ನೋಡಿದ. ನೋಡಿ, ಗೊಬ್ಬರದ ವಿಷಯ ಮಾತಾಡತೊಡಗಿದ.

ಕಾಯಿ ನಿಂತವು, ದಪ್ಪವಾದವು. ಕೊನೆಯ ದಿನ ಅಧಿಕಾರಿ ಬಂದ. ಎಲ್ಲರಿಗೂ ತೋಟದ ಕುಂಬಳಕಾಯಿಯದೇ ಹುಳಿ ಬಡಿಸಿದರು. ಮೇಜಿನ ಮೇಲೆ ಕುಂಕುಮ ಹಚ್ಚಿದ ಎರಡು ಇಡೀ ಕಾಯಿ. ಊಟವಾದ ಮೇಲೆ ಕಮಲಾಕ್ಷಮ್ಮ ಭಾಷಣಕ್ಕೆ ಎದ್ದಳು.

“ಇದು ಮುತ್ತೈದೆಯರ ಕೈಗುಣ. ಸಾಹೇಬರು ತರಗತಿ ಮುಂದುವರಿಸೋಕೆ ಒಪ್ಪಿದಾರೆ. ಅದಕ್ಕೇ, ಬರೋ ವರ್ಷ ಮುತ್ತೈದೆಯರನ್ನ ಮಾತ್ರ ಸೇರಿಸ್ಕೊಳ್ಳೋಣ ಅಂತ ಮಂಡಳಿ ತೀರ್ಮಾನ ಮಾಡಿದೆ.”

ಚಪ್ಪಾಳೆ ಬಿತ್ತು. ಸರಸ್ವತಮ್ಮನೂ ತಟ್ಟಿದಳು.

ಸುಂದರಮ್ಮ ಎದ್ದು ಮೇಜಿನ ಹತ್ತಿರ ಹೋಗಿ, ಕಾಯಿಗೆ ನೆಟ್ಟಗೆ ಬೆರಳು ಚಾಚಿದಳು.

“ಅಯ್ಯಯ್ಯೋ, ಬೆರಳು ತೋರಿಸ್ಬೇಡ್ರೀ!” ಎಂದರು ಯಾರೋ.

“ತೋರಿಸ್ತೀನಿ. ನೀವು ಕಟ್ಟಿದ್ದು ಅರಿಶಿನದ ದಾರ ಅಲ್ವಾ? ಈ ತೊಟ್ಟಲ್ಲಿರೋದು ಯಾವ ಬಣ್ಣ, ನೋಡಿ ಹೇಳಿ.” ಸೀರೆಯ ಹರಿದ ಅಂಚನ್ನು ಎಳೆದು ತೊಟ್ಟಿನ ಪಕ್ಕದಲ್ಲಿಟ್ಟಳು. “ನಿಮ್ಮ ಮುಹೂರ್ತದ್ದೆಲ್ಲ ಮುರುಟಿ ಹೋಯ್ತು. ಇದರ ಮದುವೆ ಮಾಡ್ಸಿದ್ದು ಈ ಮುಂಡೆ ಕೈ. ಎರಡೆರಡು ಸಲ ಹಾಕಿಸ್ಕೊಂಡ್ರಲ್ಲ ಹುಳಿ, ಅದರ ಕಾಯಿದೂ ಇದೇ ಕೈ.”

“ಹೌದೇನ್ರೀ?” ಎಂದು ಅಧಿಕಾರಿ ಮೇಷ್ಟ್ರನ್ನು ಕೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಯೋಗನರಸಿಂಹ ಪೆಚ್ಚಾಗಿ, “ಹೌದು ಸಾರ್,” ಎಂದ. ಹೆಂಗಸರು ತಿಂದ ಹುಳಿಯನ್ನು ಉಗುಳುವ ಹಾಗೂ ಇಲ್ಲ, ಕೇಳಿದ ಮಾತನ್ನು ನುಂಗುವ ಹಾಗೂ ಇಲ್ಲ. ಕಮಲಾಕ್ಷಮ್ಮ ನಿಂತೇ ಇದ್ದಳು. ಖುರ್ಷಿದಾ ಬೇಗಂ ಮಾತ್ರ ಸೆರಗಿನ ಮರೆಯಲ್ಲಿ ಕಿಸಕ್ಕನೆ ನಕ್ಕಳು.

“ಬರೋ ವರ್ಷಾನೂ ಸೋಮವಾರ ಆರು ಗಂಟೆಗೆ ಬರ್ತೀನಿ ಮೇಷ್ಟ್ರೇ,” ಎಂದಳು ಸುಂದರಮ್ಮ. ಆಮೇಲೆ ಕಮಲಾಕ್ಷಮ್ಮನನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿದಳು. “ನೀವು ರಾಹುಕಾಲ ಕಳೆದ್ಮೇಲೆ ನಿಧಾನಕ್ಕೆ ಬನ್ನಿ.”